ನಾರ್ತ್ ಬೀಚಿನ ಹಿತ್ತಾಳೆ ಒರಳು

ರತ್ನಾವತಿ ಅಮೆರಿಕಕ್ಕೆ ಬಂದು ಏಳು ವರ್ಷವಾಗಿತ್ತು. ಅಷ್ಟೂ ವರ್ಷ ಅವರ ಪಾಲಿನ ಇಂಗ್ಲಿಷನ್ನು ಗಂಡ ಗುರುದತ್ತರೇ ಮಾತಾಡಿ ಮುಗಿಸಿದ್ದರು. ಅಂಗಡಿಯವರು, ಡಾಕ್ಟರು, ಪಕ್ಕದ ಅಪಾರ್ಟ್‌ಮೆಂಟಿನವರು, ಯಾರು ಹೆಂಡತಿಯನ್ನು ಏನು ಕೇಳಿದರೂ ಉತ್ತರ ಬರುವುದು ಗಂಡನ ಬಾಯಿಂದ. ಒಳ್ಳೆಯ ಮನುಷ್ಯ, ಆದರೆ ಬಾಯಿಗೆ ಬಿಡುವಿಲ್ಲ.

ಅಡುಗೆಯಲ್ಲಿ ಮಾತ್ರ ಉಡುಪಿಯ ಈ ಹೆಂಗಸನ್ನು ಮೀರಿಸುವವರು ಮೌಂಟನ್ ವ್ಯೂನಲ್ಲಿ ಇರಲಿಲ್ಲ. ೧೯೮೪ರ ಯುಗಾದಿ ಊಟಕ್ಕೆ, ನಲವತ್ತು ಜನಕ್ಕೂ ಒತ್ತು ಶ್ಯಾವಿಗೆ ಮಾಡುತ್ತೇನೆಂದು ಕನ್ನಡದವರೆಲ್ಲರ ಎದುರು ಒಪ್ಪಿಕೊಂಡರು. ಮರುವಾರವೇ ಊರಿಂದ ತಂದ ಶ್ಯಾವಿಗೆ ಒತ್ತುವ ಒರಳಿನ ತಿರುಪು ಸವೆದು ಕೈಕೊಟ್ಟಿತು. ಚಿತ್ರಾನ್ನ ಮಾಡಿದರಾಯಿತು ಎಂದರು ಗುರುದತ್ತರು. ರತ್ನಾವತಿಗೆ ಅಳುವೇ ಬಂತು. ಏಳು ವರ್ಷದಲ್ಲಿ ನಾಲ್ಕು ಜನರೆದುರು ತಾನಾಗಿ ಆಡಿದ ಮಾತು ಅದೊಂದೇ.

ಆ ಶನಿವಾರ ನೆಂಟರಿಗೆ ಸ್ಯಾನ್ ಫ್ರಾನ್ಸಿಸ್ಕೋ ತೋರಿಸಲು ಹೋದವರು ನಾರ್ತ್ ಬೀಚಿಗೂ ಹೋದರು. ಹೆಸರಿನಲ್ಲಿ ಬೀಚ್ ಇದ್ದರೂ ಸಮುದ್ರದ ಸುಳಿವಿಲ್ಲದ ಜಾಗ. ಇಟಲಿಯಿಂದ ವಲಸೆ ಬಂದವರ ಹಳೇ ಕೇರಿ. ಕಾಫಿ ಹುರಿಯುವ ವಾಸನೆಗೆ ಅರಳಿದ ಮೂಗನ್ನು, ತೂಗುಬಿಟ್ಟ ಮಾಂಸ ಕಂಡೊಡನೆ ಸೆರಗಿನಿಂದ ಮುಚ್ಚಿಕೊಂಡು ರತ್ನಾವತಿ ಬಿರಬಿರನೆ ನಡೆದರು. ಆದರೆ ಒಂದು ಅಂಗಡಿಯ ಗಾಜಿನೆದುರು ಕಾಲು ನಿಂತೇಬಿಟ್ಟಿತು. ಬೆಂಚಿಗೆ ಕೂರಿಸಿದ ಹಿತ್ತಾಳೆ ಕೊಳವೆ, ಮೇಲೆ ತಿರುಪಿನ ಹಿಡಿ, ಕೆಳಗೆ ತೂತಿನ ಬಿಲ್ಲೆ. ಶ್ಯಾವಿಗೆ ಒರಳು!

ಅಂಗಡಿಯ ಒಡತಿ ಈಡಾ, ಎಪ್ಪತ್ತರ ಮುದುಕಿ. ಪಾಸ್ತಾ ಒತ್ತಲು ಅಪ್ಪ ಇಟಲಿಯಿಂದ ಹಡಗಿನಲ್ಲಿ ತಂದದ್ದು, ಮಾರುವುದಿಲ್ಲ, ತಿರುಗಿಸದೆ ಇಪ್ಪತ್ತು ವರ್ಷವಾಯಿತು ಎಂದಳು. ನಿನಗೆ ಇದು ಗೊತ್ತೇ ಎಂದು ರತ್ನಾವತಿಯನ್ನು ಕೇಳಿದಳು. ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಗುರುದತ್ತರು ಉತ್ತರಿಸಿಯೂ ಆಯಿತು.

"ಸುಮ್ನೆ ಬಾ ಮಾರಾಯ್ತಿ, ಕೊಡುದಿಲ್ಲ ಅಂದ್ರಲ್ಲ," ಎಂದು ಹೆಂಡತಿಯನ್ನು ಹೊರಡಿಸಿದರು.

ರತ್ನಾವತಿಗೆ ಮೈಯೆಲ್ಲ ಉರಿಯಿತು. ಮಂಗಳವಾರ ಗಂಡ ಆಫೀಸಿಗೆ ಹೋದದ್ದೇ ತಡ, ಅಕ್ಕಿ ರುಬ್ಬಿ ಕಾಯಿಸಿ ಕಟ್ಟಿದ ಉಂಡೆಗಳನ್ನು ಸ್ಟೀಲಿನ ಡಬ್ಬಿಗೆ ತುಂಬಿ, ಬೆವರುತ್ತಲೇ ರೈಲು ಹತ್ತಿದರು. ಒಬ್ಬರೇ ಹೊರಟದ್ದು ಅದೇ ಮೊದಲು. ರೈಲಿಳಿದು ಬಸ್ಸು ಹಿಡಿದು ಈಡಾಳ ಎದುರು ಡಬ್ಬಿ ತೆರೆದಿಟ್ಟು, ಒರಳು ತೋರಿಸಿದರು. ಮುದುಕಿಗೆ ಅರ್ಥವಾಗಲು ಮಾತು ಬೇಕಾಗಲಿಲ್ಲ. ಒರಳು ತೊಳೆದಳು, ಅಂಗಡಿಯ ಹಿಂಬದಿಯ ಒಲೆ ಹಚ್ಚಿದಳು.

ಉಂಡೆ ಬೆಂದವು. ಬೆಂದದ್ದನ್ನು ಈಡಾ ಎತ್ತಿ, ಬಟ್ಟೆ ಮುಚ್ಚಿ ಪಕ್ಕಕ್ಕಿಟ್ಟಳು. ಅವಳ ಮನೆಯ ಕ್ರಮದಲ್ಲಿ ಒತ್ತುವ ಮೊದಲು ಹಿಟ್ಟಿಗೆ ವಿಶ್ರಾಂತಿ ಕೊಡಬೇಕು. ಶ್ಯಾವಿಗೆಯ ಉಂಡೆ ಆರಿತೋ, ಕಲ್ಲು. ಹೇಳಲು ರತ್ನಾವತಿ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದರು. ಅಲ್ಲಿ ಗಂಡ ಇರಲಿಲ್ಲ.

"ನೋ," ಎಂದರು. ದನಿ ಅವರಿಗೇ ಹೊಸದಾಗಿ ಕೇಳಿಸಿತು. "ಹಾಟ್. ನೌ. ಯು ಟರ್ನ್."

ಈಡಾ ಅಂಗಿಯ ತೋಳು ಮಡಚಿ ಹಿಡಿಗೆ ಕೈ ಹಾಕಿದಳು. ರತ್ನಾವತಿ ಸುಡುವ ಉಂಡೆಗಳನ್ನು ಒಂದೊಂದಾಗಿ ತುಂಬಿದರು. ಕೆಳಗಿನಿಂದ ಬೆಳ್ಳಗೆ, ಊರಿನದಕ್ಕಿಂತ ತುಸು ದಪ್ಪಗೆ, ಎಳೆಎಳೆಯಾಗಿ ಶ್ಯಾವಿಗೆ ಇಳಿಯಿತು. ಮುದುಕಿ ಒಂದೆಳೆ ಬಾಯಿಗಿಟ್ಟು ಕಣ್ಣೊರೆಸಿಕೊಂಡಳು. ರತ್ನಾವತಿ ಅರ್ಧಗಂಟೆ ಮಾತಾಡಿದರು. ವ್ಯಾಕರಣ ದೇವರಿಗೇ ಪ್ರೀತಿ, ಆದರೆ ಯುಗಾದಿ, ನಲವತ್ತು ಜನ, ಸವೆದ ತಿರುಪು, ಯಾವುದೂ ಬಿಟ್ಟುಹೋಗಲಿಲ್ಲ. ಒರಳು ಮಾರುವುದಿಲ್ಲ ಎಂದ ಈಡಾ ಕೊನೆಗೂ ಮಾರಲಿಲ್ಲ. ತಾನೇ ಹೊತ್ತು ತರುತ್ತೇನೆಂದಳು.

ಯುಗಾದಿಯ ದಿನ ಈಡಾಳ ಹಳೇ ಸ್ಟೇಷನ್ ವ್ಯಾಗನ್ನಿನಿಂದ ಒರಳು ಇಳಿಯಿತು. ರತ್ನಾವತಿ ತುಂಬಿದರು, ಈಡಾ ತಿರುಗಿಸಿದಳು, ನಲವತ್ತು ಎಲೆಗೂ ಶ್ಯಾವಿಗೆ ಬಿತ್ತು, ಕಾಯಿಹಾಲೂ ಬಿತ್ತು. ಜನ ಎರಡನೇ ಸಲವೂ ಬಡಿಸಿಕೊಂಡರು. ಗುರುದತ್ತರು ಬೆರಗಾಗಿ, ಇವಳು ನಿಮ್ಮನ್ನು ಅದು ಹೇಗೆ ಒಪ್ಪಿಸಿದಳು ಎಂದು ಈಡಾಳನ್ನು ಇಂಗ್ಲಿಷಿನಲ್ಲಿ ಕೇಳಿದರು.

ಈಡಾ ಹಿಡಿ ಬಿಡದೆ, ಗದ್ದದಿಂದಲೇ ರತ್ನಾವತಿಯತ್ತ ತೋರಿಸಿದಳು. ಅವಳನ್ನೇ ಕೇಳು, ಚೆನ್ನಾಗಿ ಮಾತಾಡುತ್ತಾಳೆ ಎಂದಳು.

ಗುರುದತ್ತರು ಹೆಂಡತಿಯ ಕಡೆ ತಿರುಗಿದರು.

"ಈಗ ಪುರುಸೊತ್ತಿಲ್ಲ ಮಾರಾಯ್ರೆ," ಎಂದರು ರತ್ನಾವತಿ. "ಉಂಡೆ ಆರ್ತದೆ. ಆ ತಟ್ಟೆ ಹಿಡೀರಿ."

ಗುರುದತ್ತರು ಬಾಯಿ ಮುಚ್ಚಿ ತಟ್ಟೆ ಹಿಡಿದರು.