ಈರುಳ್ಳಿ ಹಾಕಿದವನ ಹಸ್ತಾಂತರ

ಪೇಪರಿನಲ್ಲಿ ಓದಿದ್ದನ್ನು ಹೋಟೆಲಿನಲ್ಲಿ ಕೂತು ವಿವರಿಸಬಾರದು. ನಾನು ವಿವರಿಸಿದೆ. ಅದಕ್ಕೇ ಹೋದ ತಿಂಗಳು ಒಂದು ಭಾನುವಾರ, ಓಡಿಹೋದ ಅಡುಗೆಯವನನ್ನು ಹಿಡಿದು ತರುವ ನಿಯೋಗದ ಸದಸ್ಯನಾಗಿ ನಾಸಿಕ್‌ನಿಂದ ಔರಂಗಾಬಾದಿನ ಬಸ್ಸು ಹತ್ತಬೇಕಾಯಿತು.

ಈಗ ಪೇಪರು ಬಿಚ್ಚಿದರೆ ಹಸ್ತಾಂತರದ್ದೇ ಸುದ್ದಿ ತಾನೆ? ಇಲ್ಲಿ ಮಾಡುವುದನ್ನೆಲ್ಲ ಮಾಡಿ ಹೊರದೇಶದಲ್ಲಿ ತಣ್ಣಗೆ ಕೂತವರನ್ನು ಕರೆತರುವ ಕಾನೂನು. (ಗಡೀಪಾರು ಬೇರೆ. ಅದು ಹೊರಗಟ್ಟುವುದು, ಇದು ಎಳೆದು ತರುವುದು.) ಪಂಚವಟಿಯ ಹೆಬ್ಬಾರರ ಹೋಟೆಲಿನಲ್ಲಿ ನಾನು ಇದರ ಮೇಲೆ ಭಾಷಣ ಬಿಗಿದೆ. ಬ್ಯಾಂಕಿನಲ್ಲಿ ನನ್ನ ಮಾತು ಯಾರೂ ಕೇಳುವುದಿಲ್ಲ. ಮನೆಯ ವಿಷಯ ಬಿಡಿ. ಹೆಬ್ಬಾರರು ಮಾತ್ರ ಗಲ್ಲಾ ಬಿಟ್ಟು ಎದ್ದು ಬಂದು ಕೇಳಿದರು.

"ಹಾಗಾದ್ರೆ ನಮ್ಮ ವಾಸುವನ್ನೂ ಹಾಗೇ ತರಬಹುದಲ್ವಾ ಮಾರಾಯ್ರೆ?"

ವಾಸು ಅವರ ಸಾಂಬಾರು ಮಾಡುತ್ತಿದ್ದವನು. ಅವನ ಅಪರಾಧ, ಸಾಂಬಾರಿಗೆ ಈರುಳ್ಳಿ ಹಾಕಿದ್ದು. ಲಾಸಲಗಾಂವಿನ ಈರುಳ್ಳಿ ಲಾರಿಗಟ್ಟಲೆ ಓಡಾಡುವ ಜಿಲ್ಲೆಯಲ್ಲಿ ಇದೂ ಒಂದು ಅಪರಾಧವೇ ಅನ್ನಬೇಡಿ. ಹೆಬ್ಬಾರರ ಗಿರಾಕಿಗಳೆಲ್ಲ ಗೋದಾವರಿಯಲ್ಲಿ ಮಿಂದು ಬಂದ ಯಾತ್ರಿಕರು, ಪುರೋಹಿತರು. ಈರುಳ್ಳಿ-ಬೆಳ್ಳುಳ್ಳಿ ಇಲ್ಲವೆಂದು ಬೋರ್ಡೇ ಇದೆ. ಅಂಥಲ್ಲಿ ಒಬ್ಬ ಗುರೂಜಿಯ ಹಲ್ಲಿಗೆ ಈರುಳ್ಳಿ ಸಿಕ್ಕಿತು. ಹೆಬ್ಬಾರರು ಎಲ್ಲರೆದುರು ಇಡೀ ಪಾತ್ರೆ ಸಾಂಬಾರನ್ನು ಮೋರಿಗೆ ಸುರಿದು, ನಾಳೆಯಿಂದ ನೀನು ಮುಸುರೆ ತಿಕ್ಕು ಎಂದರು. ಮರುದಿನ ವಾಸು ಇಲ್ಲ. ಔರಂಗಾಬಾದಿನಲ್ಲಿ, ಬಸ್ ಸ್ಟ್ಯಾಂಡಿನ ಎದುರು ಶೆಟ್ಟರ ಹೋಟೆಲಿನಲ್ಲಿದ್ದ.

ನಮ್ಮ ಕರಾವಳಿಯ ಹೋಟೆಲಿನವರಲ್ಲಿ ಒಂದು ಬಾಯಿಮಾತಿನ ಕರಾರಿದೆ. ಒಬ್ಬರ ಅಡುಗೆಯವನು ಓಡಿ ಬಂದರೆ, ಹಳೆಯ ಧಣಿ ಹೂಂ ಅನ್ನದೆ ಇನ್ನೊಬ್ಬರು ಇಟ್ಟುಕೊಳ್ಳುವಂತಿಲ್ಲ. ದೇಶದೇಶಗಳ ಒಪ್ಪಂದವೂ ಸುಮಾರು ಇದೇ ಜಾತಿಯದು. ಕಾನೂನು ಬಲ್ಲವರು ನೀವೂ ಬನ್ನಿ ಎಂದರು ಹೆಬ್ಬಾರರು. ಹೂಂ ಅಂದುಬಿಟ್ಟೆ.

"ನಿಮಗ್ಯಾಕ್ರಿ ಊರ ಉಸಾಬರಿ? ಅಂವಾ ಪೊಲೀಸರ ಕಡೆ ಹೋಗಿ ಕಿಡ್ನ್ಯಾಪ್ ಅಂತ ಬರಸಿದ್ರ?" ಎಂದಳು ನನ್ನ ಧಾರವಾಡದ ಹೆಂಡತಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಬೇಡಿ ಹಾಕಿದಂತೆಯೇ ಅನ್ನಿಸುತ್ತಿತ್ತು. ನೌಕರಿ ಹೋದರೆ? ಪೆನ್ಶನ್ ಹೋದರೆ?

ಶೆಟ್ಟರು ಮೊದಲು ತಿಂಡಿ ಕೊಟ್ಟರು. ಆಮೇಲೆ ಮೆಲ್ಲಗೆ, "ಈರುಳ್ಳಿ ಹಾಕಿದ್ದು ತಪ್ಪಾ? ನಮ್ಮಲ್ಲಿ ಹಾಕದಿದ್ರೆ ತಪ್ಪು" ಎಂದರು.

ಕಾನೂನು ಅವರ ಕಡೆಗೇ ಇತ್ತು. ಮಾಡಿದ್ದು ಎರಡೂ ಕಡೆ ಅಪರಾಧವಾಗಿರಬೇಕು, ಇಲ್ಲದಿದ್ದರೆ ಒಪ್ಪಿಸುವಂತಿಲ್ಲ. ಇದನ್ನು ನಾನು ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಹೆಬ್ಬಾರರು ನನ್ನನ್ನು ನೋಡಿದ ನೋಟ! ಫೀಸು ಇಸಕೊಂಡ ವಕೀಲನೇ ಎದುರು ಪಾರ್ಟಿಗೆ ಸೇರಿದ ಹಾಗೆ. (ಫೀಸೇನೂ ಇರಲಿಲ್ಲ. ಟಿಕೆಟ್ಟೂ ನನ್ನದೇ.)

ಕಾನೂನಿನಲ್ಲಿ ಸೋತ ಹೆಬ್ಬಾರರು ಬೇರೆ ದಾರಿ ಹಿಡಿದರು. ನಾಳೆ ನಿಮ್ಮ ದೋಸೆಯವ ನಾಸಿಕಿಗೆ ಓಡಿ ಬಂದರೆ ನಾನು ಏನು ಮಾಡಲಿ ಎಂದು ಕೇಳಿದರು. ಶೆಟ್ಟರು ಸ್ವಲ್ಪ ಹೊತ್ತು ಫ್ಯಾನು ನೋಡಿದರು. ಆಮೇಲೆ ಒಳಗೆ ತಿರುಗಿ ವಾಸುವನ್ನು ಕರೆದರು. ದೊಡ್ಡ ದೊಡ್ಡ ಸರಕಾರಗಳೂ ಹೀಗೇ ಫ್ಯಾನು ನೋಡುತ್ತವೆ ಎಂದು ನನಗೆ ಗುಮಾನಿ.

ವಾಸು ಕೈ ಒರೆಸಿಕೊಳ್ಳುತ್ತ ಬಂದ. ಇಬ್ಬರು ಧಣಿಗಳೂ ಒಂದಾದ ಮೇಲೆ ಅವನಿಗೆ ಉಳಿದದ್ದಾದರೂ ಏನು? ಒಂದೇ ಮಾತು ಕೇಳಿದ.

"ಬರ್ತೇನೆ. ಮುಸುರೆಗೆ ಕೂರಿಸ್ಬಾರ್ದು. ಸಾಂಬಾರು ಮಾಡುವವನನ್ನು ಬಾನಿ ಹತ್ರ ಕೂರಿಸಿದ್ರೆ ಮತ್ತೆ ನನ್ನನ್ನು ಒಲೆ ಹತ್ರ ಯಾರು ಕರೀತಾರೆ?"

ಹೆಬ್ಬಾರರು ದೇವರಾಣೆ ಹಾಕಿದರು. ನಾನು ಉತ್ಸಾಹದಿಂದ, ಕಾನೂನಿನಲ್ಲೂ ಹೀಗೇ ಇದೆ, ಯಾವ ತಪ್ಪಿಗೆಂದು ಕೇಳಿ ತಂದರೋ ಆ ತಪ್ಪಿಗಷ್ಟೇ ವಿಚಾರಣೆ, ಹಳೆಯ ಲೆಕ್ಕ ತೆಗೆಯುವಂತಿಲ್ಲ ಎಂದು ವಿವರಿಸಿದೆ. ಹಾಗಾದರೆ ನೀವೇ ಜಾಮೀನು ಎಂದರು ಮೂವರೂ.

ಮೊನ್ನೆ ಶನಿವಾರ ಸಂಜೆ ಬ್ಯಾಂಕು ಮುಗಿಸಿ ಹೆಬ್ಬಾರರ ಹೋಟೆಲಿಗೆ ಹೋದೆ. ವಾಸು ಹಿತ್ತಲಲ್ಲಿ, ಬಾನಿಯ ಮುಂದೆ, ಮೊಣಕೈವರೆಗೂ ಬೂದಿ. ನನ್ನನ್ನು ನೋಡಿ ತಲೆ ತಗ್ಗಿಸಿದ.

ಒಳಗೆ ಬಂದು ಕೂತು, ಇದ್ಯಾಕೆಂದು ಹೆಬ್ಬಾರರನ್ನು ಕೇಳಿದೆ. "ಈರುಳ್ಳಿಗಲ್ಲ ಮಾರಾಯ್ರೆ. ಅದು ಮಾಫ್. ಇದು ಮೊದ್ಲು ಮಧ್ಯಾಹ್ನ ನಿದ್ದೆ ಹೊಡೀತಿದ್ನಲ್ಲ, ಅದಕ್ಕೆ."

ಹಸ್ತಾಂತರದ ಕಾನೂನು ತಿದ್ದಬೇಕು ಎಂದು ಎಲ್ಲರೂ ಬರೆಯುತ್ತಿದ್ದಾರೆ. ಕಾಗದಪತ್ರ ಬೇಗ ಸಾಗಲಿ, ಇನ್ನಷ್ಟು ದೇಶಗಳ ಜೊತೆ ಒಪ್ಪಂದವಾಗಲಿ. ಆಗಲಿ, ಬೇಡ ಅಂದವರು ಯಾರು? ಆದರೆ ಇದೆಲ್ಲ ತರುವ ಮಾತಾಯಿತು. ತಂದ ಮೇಲೆ, ಕೊಟ್ಟ ಮಾತು ಉಳಿಯಿತೇ ಎಂದು ಹಿತ್ತಲಿಗೆ ಹೋಗಿ ನೋಡುವವರು ಯಾರು? ನೋಡಿದವನು ಮಾಡುವುದಾದರೂ ಏನು?

ನಾನು ಎದ್ದು ನಿಂತೆ. ವಾಸು ಒಲೆಯ ಹತ್ತಿರ ಬರುವ ತನಕ ಈ ಹೋಟೆಲಿನ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹೆಬ್ಬಾರರು ಬಿಸಿಬಿಸಿ ಬನ್ಸ್ ತಂದಿಟ್ಟರು. ತೆರೆದ ಬಾಯಿಗೆ ಬನ್ಸೇ ಹೋಯಿತು.

ಮಾತು ಕೊಡಿಸಿದ ದೇಶಗಳಿಗೂ ಸರಿಯಾಗಿ ಇದೇ ಹೊತ್ತಿಗೆ ಬನ್ಸ್ ಬರುತ್ತದೆಯೇ?