ಟೀವಿ ಪುಸ್ತಕಕ್ಕೆ ಅರಿಶಿನದ ಬೊಟ್ಟು

ಕಾಕೂನ ಬಲಗೈ ಹೆಬ್ಬೆರಳು ಯಾವಾಗಲೂ ಹಳದಿಯಾಗಿರುತ್ತಿತ್ತು. ಉಗುರಿನ ಸುತ್ತ, ಗೆರೆಗಳ ಸಂದಿಯಲ್ಲಿ, ಎಷ್ಟು ತಿಕ್ಕಿ ತೊಳೆದರೂ ಹೋಗದ ಅರಿಶಿನ. ಅಡುಗೆ ಮಾಡುವವರ ಕೈಗೆಲ್ಲ ಅಷ್ಟಿಷ್ಟು ಅರಿಶಿನ ಹತ್ತಿರುತ್ತದೆ, ನಿಜ. ಆದರೆ ಇವಳ ಹೆಬ್ಬೆರಳಿಗೆ ಹತ್ತಿದ್ದು ಅಡುಗೆಯ ಅರಿಶಿನವಲ್ಲ, ಟೀವಿಯ ಅರಿಶಿನ.

ಅವಳು ನಮಗೆ ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ದಾಂಡೇಲಿಯಲ್ಲಿ ನಮ್ಮ ಪಕ್ಕದ ಮನೆಯವಳು. ಕಾಗದದ ಕಾರ್ಖಾನೆಗೆ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದ ಗಂಡನ ಜೊತೆ ಬಂದು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದವಳು. ಇಡೀ ಓಣಿಗೆ ಅವಳು ಕಾಕೂ, ಅಂದರೆ ಚಿಕ್ಕಮ್ಮ. ಓಣಿಯ ನಾಯಿಗಳೂ ಅವಳ ಮಾತು ಕೇಳುತ್ತಿದ್ದವು, ಯಾಕೆಂದರೆ ಅವಳ ದನಿ ಹಾಗಿತ್ತು.

ಪ್ರತಿ ಶುಕ್ರವಾರ ಸಂಜೆ ಹುಬ್ಬಳ್ಳಿಯ ಬಸ್ಸಿನಲ್ಲಿ ಒಂದು ತೆಳ್ಳನೆಯ ವಾರಪತ್ರಿಕೆ ಬರುತ್ತಿತ್ತು. ಮರುದಿನದಿಂದ ಏಳು ದಿನ ಯಾವ ಚಾನೆಲ್ಲಿನಲ್ಲಿ ಎಷ್ಟು ಹೊತ್ತಿಗೆ ಏನು ಬರುತ್ತದೆ ಎಂಬುದನ್ನೆಲ್ಲ ಅದರಲ್ಲಿ ಅಚ್ಚು ಹಾಕಿರುತ್ತಿದ್ದರು. ಕಾಕೂ ಅದನ್ನು ಬರೀ 'ಪುಸ್ತಕ' ಎನ್ನುತ್ತಿದ್ದಳು, ಜಗತ್ತಿನಲ್ಲಿ ಬೇರೆ ಪುಸ್ತಕವೇ ಇಲ್ಲವೇನೋ ಎಂಬ ಹಾಗೆ. ಮನೆಗೆ ತಂದವಳೇ ಹಾಳೆಯನ್ನು ಎರಡು ಬೆರಳ ನಡುವೆ ತಿಕ್ಕಿ ನೋಡುತ್ತಿದ್ದಳು. ಅದು ಗಂಡನಿಂದ ಬಂದ ಚಟ. "ಈ ಸಲ ಹಾಳಿ ತೆಳ್ಳಗ ಮಾಡ್ಯಾರ, ಕಳ್ಳರು" ಎಂದು ಒಮ್ಮೆ ಬೈದು, ಅರಿಶಿನದ ಬಟ್ಟಲಲ್ಲಿ ಹೆಬ್ಬೆರಳು ಅದ್ದಿ, ತನಗೆ ಬೇಕಾದ ಕಾರ್ಯಕ್ರಮದ ಪಕ್ಕ ಒತ್ತುತ್ತಿದ್ದಳು.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಬೊಟ್ಟಿಟ್ಟ ಪುಸ್ತಕವನ್ನು ದಾರಕ್ಕೆ ಕಟ್ಟಿ ಬಾಗಿಲ ಪಕ್ಕದ ಮೊಳೆಗೆ ತೂಗಹಾಕುತ್ತಿದ್ದಳು. ಓಣಿಯ ಹೆಂಗಸರು ಬಂದು ತಮ್ಮ ತಮ್ಮ ಗುರುತು ಹಾಕಿ ಹೋಗಬೇಕು. ಎದುರು ಮನೆಯವಳದು ಕುಂಕುಮ. ಮೂಲೆ ಮನೆಯ ಹೊಸ ಸೊಸೆಯದು ಕಾಡಿಗೆ. ಲಿಂಗಪೂಜೆ ತಪ್ಪಿಸದ ಹಿರಿಯಳೊಬ್ಬಳು ವಿಭೂತಿ ಹಚ್ಚುತ್ತಿದ್ದಳು, ಅದು ಸಂಜೆಯೊಳಗೆ ಉದುರಿ ಹೋಗಿ "ನನ್ನ ಗುರ್ತು ಯಾರು ಅಳಿಸಿದ್ರು?" ಎಂದು ವಾರವಾರವೂ ಜಗಳ. ಒಂದೇ ಗುರುತಿದ್ದ ಕಾರ್ಯಕ್ರಮವನ್ನು ಅವರವರ ಮನೆಯಲ್ಲಿ ನೋಡಿಕೊಳ್ಳಬೇಕು. ಎರಡು ಮೂರು ಬಣ್ಣ ಕೂಡಿದ್ದರೆ ಅದನ್ನು ಕಾಕೂನ ನಡುಮನೆಯಲ್ಲಿ ಎಲ್ಲರೂ ಕೂತು ನೋಡಬೇಕು. ಇದು ಕಾಯಿದೆ.

ನೋಡುವುದೆಂದರೆ ಸುಮ್ಮನೆ ನೋಡುವುದಲ್ಲ. ಧಾರಾವಾಹಿಯ ಹುಡುಗಿಯ ಹಿಂದೆ ಕೆಟ್ಟವಳು ಬಂದು ನಿಂತರೆ ಕಾಕೂ ಕೂತಲ್ಲಿಂದಲೇ ಗದರುತ್ತಿದ್ದಳು: "ಏ ಮಳ್ಳಿ, ಹಿಂದ ತಿರುಗಿ ನೋಡ! ಕಣ್ಣು ಎಲ್ಲೆ ಇಟ್ಟೀ?" ಆ ಹುಡುಗಿ ಒಂದು ದಿನವೂ ತಿರುಗಿ ನೋಡಲಿಲ್ಲ. ಅದಕ್ಕೂ ಕಾಕೂನಿಂದ ಮರುದಿನ ಬೈಸಿಕೊಂಡವನು ನಾನೇ, ಏಕೆಂದರೆ ಟೀವಿಗೆ ಡಿಶ್ ಕೂರಿಸಿಕೊಟ್ಟವನು ನಾನು.

ನನ್ನದು ಬಸ್‌ಸ್ಟ್ಯಾಂಡಿನ ಹತ್ತಿರ ಡಿಶ್ಶು, ಮೊಬೈಲು ಎಂದು ಬೋರ್ಡು ಹಾಕಿಕೊಂಡ ಸಣ್ಣ ಅಂಗಡಿ. ಹೊಸದು ಎಂದರೆ ನನಗೆ ಪ್ರಾಣ. ಕಾಕೂನ ಮನೆಗೆ ಹೊಸ ಸೆಟ್‌ಟಾಪ್ ಬಾಕ್ಸ್ ಹಾಕಿದ ದಿನ ರಿಮೋಟನ್ನು ಅವಳ ಕೈಗೆ ಕೊಟ್ಟು ಮೆರೆದೆ.

"ಕಾಕೂ, ಈ ಗುಂಡಿ ಒತ್ತಿದ್ರ ಮುಗೀತು. ಏಳು ದಿನದ್ದೂ ಇಲ್ಲೇ ಬರತೈತಿ. ನಿನ್ನ ಪುಸ್ತಕದ ಕಾಲ ಮುಗೀತು ನೋಡು."

ಅವಳು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಹೋಗಿ, ಮೇಲೆ ಕೆಳಗೆ ಒತ್ತಿ ಒತ್ತಿ ನೋಡಿದಳು.

"ಚಂದ ಐತಿ. ಬೊಟ್ಟು ಎಲ್ಲೆ ಇಡ್ಲಿ?"

"ಬೊಟ್ಟು ಯಾಕ ಬೇಕು? ಇಲ್ಲೆ ಒತ್ತಿ ಇಟ್ರ ಟೈಮಿಗೆ ಸರಿಯಾಗಿ ಅದ ನೆನಪು ಮಾಡತೈತಿ."

"ನನಗ ನೆನಪು ಮಾಡತೈತಿ ತಮ್ಮಾ. ಎದುರ ಮನಿಯಾಕಿಗೆ ಯಾರು ನೆನಪು ಮಾಡ್ತಾರ?"

ನಾನು ನಕ್ಕೆ. ಉಳಿದ ವಾಯರು ಸುತ್ತಿಕೊಂಡು ಅಂಗಡಿಗೆ ಹೊರಟೆ.

ಆದರೆ ನಿಜ ಹೇಳಬೇಕೆಂದರೆ ಗೆಲ್ಲುತ್ತಿದ್ದವನು ನಾನೇ. ಓಣಿಯಲ್ಲಿ ಒಬ್ಬೊಬ್ಬರ ಕೈಗೂ ಮೊಬೈಲು ಬಂತು, ಬಹುಪಾಲು ನನ್ನ ಅಂಗಡಿಯಿಂದಲೇ. ಕಾಡಿಗೆಯ ಸೊಸೆ ಅಡುಗೆಮನೆಯಲ್ಲೇ ಧಾರಾವಾಹಿ ನೋಡತೊಡಗಿದಳು. ವಿಭೂತಿಯ ಹಿರಿಯಳು ಹಳಿಯಾಳದ ಮಗಳ ಮನೆಗೆ ಹೋದಳು. ಕುಂಕುಮದವಳು ಸ್ವಲ್ಪ ದಿನ ಮುಲಾಜಿಗೆ ಬೊಟ್ಟಿಟ್ಟು, ಆಮೇಲೆ ಅದನ್ನೂ ಬಿಟ್ಟಳು. ಮೊಳೆಗೆ ತೂಗುವ ಪುಸ್ತಕದಲ್ಲಿ ಹಳದಿಯೊಂದೇ ಉಳಿಯಿತು. ನಡುಮನೆಯಲ್ಲಿ ಕಾಕೂ ಒಬ್ಬಳೇ ಕೂತು ಟೀವಿಗೆ ಬೈಯುವುದು ಗೋಡೆಯಾಚೆ ನಮಗೆ ಕೇಳುತ್ತಿತ್ತು.

ಒಂದು ಶುಕ್ರವಾರ ಪೇಪರ್ ಏಜೆಂಟರ ಅಂಗಡಿಯಿಂದ ನೇರವಾಗಿ ನನ್ನಲ್ಲಿಗೆ ಬಂದಳು. ಅವಳ ಮುಖ ಅಷ್ಟು ಸಣ್ಣದಾಗಿದ್ದನ್ನು ನಾನು ನೋಡಿರಲಿಲ್ಲ.

"ಪುಸ್ತಕಾ ನಿಲ್ಲಸ್ತಾರಂತ ತಮ್ಮಾ. ದಾಂಡೇಲಿಗೆ ಒಂದ ಪ್ರತಿ ಬರ್ತದಂತ, ಅದೂ ನಂದ. ಇಪ್ಪತ್ತು ಆದ್ರ ಕಳಸ್ತಾರಂತ, ಇಲ್ಲಂದ್ರ ಈ ತಿಂಗಳಿಗೆ ಕೊನೀ."

ಗೆದ್ದವನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಪುಸ್ತಕ ನಿಂತರೆ ಬೊಟ್ಟು ನಿಲ್ಲುತ್ತದೆ, ಬೊಟ್ಟು ನಿಂತರೆ ಆ ನಡುಮನೆಗೆ ಇನ್ನು ಯಾರೂ ಬರುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಾಯಿತು.

ಕಾಕೂ ಮೊದಲು ಓಣಿಯ ಮನೆಮನೆಗೆ ಹೋದಳು. "ಈಗ ಮೊಬೈಲ್‌ನ್ಯಾಗ ಯಾವಾಗ ಬೇಕಾದ್ರೂ ನೋಡಬಹುದಲ್ರೀ ಕಾಕೂ" ಎಂದಳಂತೆ ಕಾಡಿಗೆಯ ಸೊಸೆ. ಅದಕ್ಕೆ ಕಾಕೂ ಕೊಟ್ಟ ಉತ್ತರ ಓಣಿಯಲ್ಲಿ ಇವತ್ತಿಗೂ ಪ್ರಸಿದ್ಧ: "ಹೌದವಾ. ಯಾವಾಗ ಬೇಕಾದ್ರೂ ನೋಡಬಹುದು. ಅದಕ್ಕ ಯಾರೂ ಕೂಡಿ ನೋಡವಲ್ರಿ." ಉತ್ತರಕ್ಕೆ ಎಲ್ಲರೂ ತಲೆದೂಗಿದರು. ಪುಸ್ತಕ ಮಾತ್ರ ಯಾರೂ ಬೇಕೆನ್ನಲಿಲ್ಲ.

ಮುಂದಿನ ಶುಕ್ರವಾರ ಬೆಳಿಗ್ಗೆ ನಾನು ಜೋಯಿಡಾ ದಾಟಿ ಅನಮೋಡದ ದಾರಿಯಲ್ಲಿ ಒಳಗಿನ ಒಂದು ಹಳ್ಳಿಗೆ ಡಿಶ್ ಕೂರಿಸಲು ಹೊರಟಿದ್ದೆ. "ನಾನೂ ಬರ್ತೇನಿ, ಹೋಗೂಣು" ಎಂದು ಕಾಕೂ ಬೈಕಿನ ಹಿಂದೆ ಹತ್ತಿ ಕೂತೇಬಿಟ್ಟಳು. ತೊಡೆಯ ಮೇಲೆ ಕೈಚೀಲ, ಅದರಲ್ಲಿ ಪುಸ್ತಕ. ಘಟ್ಟದ ತಿರುವುಗಳಲ್ಲಿ ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಅಂಗಿಯ ಮೇಲೆ ಹಳದಿ ಗುರುತು ಮೂಡಿತ್ತು.

ಆ ಹಳ್ಳಿಯಲ್ಲಿ ಮೊಬೈಲು ನಡೆಯುವುದಿಲ್ಲ. ಶಾಲೆಯ ಹಿಂದಿನ ಬಂಡೆ ಹತ್ತಿ ನಿಂತರೆ ಒಂದು ಕಡ್ಡಿ ಸಿಗ್ನಲ್ಲು, ಇಳಿದರೆ ಅದೂ ಇಲ್ಲ. ಡಿಶ್ಶು ಮಾತ್ರ ಚೆನ್ನಾಗಿ ಹಿಡಿಯುತ್ತದೆ. ಸುತ್ತಲ ಮೂರು ಕೇರಿಗಳಿಗೆ ದೊಡ್ಡ ಟೀವಿ ಇದ್ದದ್ದು ಆ ಒಂದೇ ಮನೆಯಲ್ಲಿ. ಕರಡಿಯ ಕಾಟವಿರುವುದರಿಂದ ಜನ ಸಂಜೆ ಬಂದರೆ ಗುಂಪಾಗಿ ಬಂದು ಗುಂಪಾಗಿಯೇ ಮರಳಬೇಕು. ನಾನು ಮನೆಯೊಡತಿಗೆ ರಿಮೋಟಿನ ಗುಂಡಿ ತೋರಿಸಿ ನನ್ನ ಎಂದಿನ ಭಾಷಣ ಆರಂಭಿಸಿದೆ. ಕೊಂಕಣಿ ಮಾತಾಡುವ ಆ ವಯಸ್ಸಾದ ಹೆಂಗಸು ಪರದೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ನೋಡಿ ಮೊಮ್ಮಗಳ ಮುಖ ನೋಡಿದರು. ಮೊಮ್ಮಗಳು ನನ್ನ ಮುಖ ನೋಡಿದಳು.

ಕಾಕೂ ಚೀಲದಿಂದ ಪುಸ್ತಕ ತೆಗೆದಳು. ಕನ್ನಡ ಶಾಲೆಗೆ ಹೋಗುವ ಆ ಹುಡುಗಿ ಗಡಗಡ ಓದಿದಳು. ಶನಿವಾರ ಸಂಜೆ ಆರಕ್ಕೆ ಹಳೆಯದೊಂದು ಭಕ್ತಿಯ ಸಿನಿಮಾ, ಪಕ್ಕದಲ್ಲಿ ದಪ್ಪ ಹಳದಿ ಬೊಟ್ಟು.

"ಇದೇನು ಬಾಯ್?" ಎಂದು ಅಕ್ಕಾ ಎನ್ನುವ ಹಾಗೆ ಕಾಕೂನನ್ನು ಕೇಳಿದರು ಮನೆಯೊಡತಿ.

"ನಾ ಇಟ್ಟ ಬೊಟ್ಟುರೀ. ನಾ ಬೊಟ್ಟಿಟ್ಟದ್ದು ನೋಡಿದವರಿಗೆ ಯಾರಿಗೂ ಬೇಜಾರು ಆಗಿಲ್ಲ" ಎಂದು ಕಾಕೂ ಜಂಬ ಕೊಚ್ಚಿ, ನೆನಪಿಗಿರಲೆಂದು ಆ ಪುಸ್ತಕವನ್ನು ಅಲ್ಲೇ ಬಿಟ್ಟು ಬಂದಳು.

ಎಡವಟ್ಟಾದದ್ದು ಅಲ್ಲೇ. ಅದು ಅವತ್ತಿಗೆ ಮುಗಿಯುವ ವಾರದ ಪುಸ್ತಕ. ಆ ಸಿನಿಮಾ ಹಿಂದಿನ ಶನಿವಾರವೇ ಬಂದು ಹೋಗಿತ್ತು. ಹೊಸ ಪುಸ್ತಕ ಬರುವುದು ಅವತ್ತು ಸಂಜೆಯ ಬಸ್ಸಿಗೆ. ಕಾಕೂ ಕೊಟ್ಟದ್ದು ಮಾದರಿಗೆ, ಅವರು ತಿಳಿದದ್ದು ನಾಳೆಗೆ. ಮೂಲೆಯಲ್ಲಿ ಅಚ್ಚಾದ ತಾರೀಖನ್ನು ಯಾರು ನೋಡುತ್ತಾರೆ? ಶನಿವಾರ ಎಂದರೆ ಶನಿವಾರ.

ಸೋಮವಾರ ಆ ದಾರಿಯ ಬಸ್ಸಿನ ಕಂಡಕ್ಟರು ನನ್ನ ಅಂಗಡಿಗೆ ನಗುತ್ತ ಬಂದರು. ಕಾಕೂ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದಳು.

"ಏನ್ರೀ ಕಾಕೂ, ಮೂರು ಕೇರಿ ಮಂದೀನ ಕುಂದ್ರಿಸಿದ್ರಂತಲ್ರೀ! ಮುದುಕ್ರು, ಹುಡುಗ್ರು, ಎಲ್ಲಾರೂ ಬ್ಯಾಟರಿ ಹಿಡಕೊಂಡು ಬಂದಿದ್ರಂತ. ಆರಕ್ಕ ಹಚ್ಚಿದ್ರ ಪಿಚ್ಚರ್ ಇಲ್ಲ, ನಾಕು ಮಂದಿ ಕುಂತು ಒದರ್ಯಾಡೋ ಸುದ್ದಿ!"

ತಾನು ಕೊಟ್ಟದ್ದು ಹಳೆಯ ವಾರದ್ದೆಂದು ಕಾಕೂಗೆ ಆಗ ಹೊಳೆಯಿತು. ಆಮೇಲೆ ಹಣೆ ಹಣೆ ಬಡಿದುಕೊಂಡಳು. "ಹೋಗ್ಲಿ ಬಿಡು ಕಾಕೂ, ಅವರೇನು ನಮ್ಮ ಓಣಿಯವರಾ?" ಎಂದೆ. ಅವಳು ನನ್ನನ್ನು ನೋಡಿದ ನೋಟಕ್ಕೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟೆ.

"ಬೊಟ್ಟು ನಂದು. ಅದನ್ನ ನಂಬಿ ಅಷ್ಟು ಮಂದಿ ಅಡವ್ಯಾಗ ನಡಕೊಂಡು ಬಂದಾರ. ನಾಳೆ ಹೋಗೂಣು, ಗಾಡಿ ತಗಿ."

ಹೋದೆವು. ಒಂದು ಡಬ್ಬಿ ಅವಲಕ್ಕಿ ಚೂಡಾ, ಹೊಸ ವಾರದ ಪುಸ್ತಕ. ಅಂಗಳದಲ್ಲಿ ನಾಲ್ಕೈದು ಹೆಂಗಸರಿದ್ದರು. ಕಾಕೂ ಚಪ್ಪಲಿ ಬಿಡುವ ಮೊದಲೇ ನಿಂತು ಹೇಳಿದಳು: "ತಪ್ಪು ನಂದರೀ. ಹಳೇ ವಾರದ್ದು ಕೊಟ್ಟು ಹೋಗಿದ್ನಿ. ಬೈಯೂದಿದ್ರ ಈಗ ಬೈದುಬಿಡ್ರಿ, ಆಮ್ಯಾಲ ಚಾ ಕುಡಿಯೂಣು."

ಮನೆಯೊಡತಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಯೋ ಬಾಯ್, ಬಸ" ಎಂದು ಕೊಂಕಣಿಯಲ್ಲಿ ಕರೆದು ಕೂರಿಸಿ, ತಮ್ಮ ಕನ್ನಡದಲ್ಲಿ ಹೇಳಿದರು: "ಬೈಯೂದು ಯಾಕ? ಪಿಚ್ಚರ್ ಬರಲಿಲ್ಲ, ನಾವು ಟೀವಿ ಬಂದ್ ಮಾಡಿದ್ವಿ. ಆದ್ರ ಎಲ್ಲರೂ ಬಂದಿದ್ರಲ್ಲ. ಕೂತು ಮಾತಾಡಿದ್ವಿ, ಹಾಡಿದ್ವಿ. ಹಾಗೆ ಕೂಡದೆ ಎಷ್ಟು ದಿವಸ ಆಗಿತ್ತು!" ಆಮೇಲೆ ಕೈಚೀಲದ ಕಡೆ ನೋಡಿ ಕೇಳಿದರು: "ಈ ವಾರದ್ದು ತಂದೀರಿ?"

ಅಷ್ಟು ವರ್ಷ ನಾನು ರಿಮೋಟಿನ ಗುಂಡಿಯನ್ನು ಹೊಗಳಿದ್ದೆ. ನನ್ನ ಗುಂಡಿ ಒತ್ತಿದ್ದಕ್ಕೆ ಮೂರು ಕೇರಿಯ ಜನ ಒಂದು ದಿನವೂ ಒಂದೆಡೆ ಕೂಡಿರಲಿಲ್ಲ. ತಪ್ಪಾದ ಪುಸ್ತಕವೊಂದು, ಅದರ ಮೇಲಿನ ಒಂದು ಹಳದಿ ಬೊಟ್ಟು, ಅವರನ್ನು ಕೂಡಿಸಿತ್ತು. ಆ ಅಂಗಳದಲ್ಲಿ ನಾನು ಸೋತೆ, ಮತ್ತು ಸೋತದ್ದಕ್ಕೆ ಅಷ್ಟು ಸಂತೋಷ ನನಗೆ ಬೇರೆಂದೂ ಆಗಿಲ್ಲ.

ಮೂರು ಕೇರಿಗೂ ಒಂದೊಂದು ಪುಸ್ತಕ ಬೇಕೆಂದರು. "ಬೊಟ್ಟು ಇಟ್ಟೇ ಕಳಿಸಬೇಕು" ಎಂಬುದು ಕರಾರು. ನಮ್ಮ ಬಳಿ ಇದ್ದದ್ದು ಒಂದೇ, ಅದಕ್ಕೂ ಅವಸರದಲ್ಲಿ ಬೊಟ್ಟಿಟ್ಟಿರಲಿಲ್ಲ. ಮನೆಯೊಡತಿ ಹಿತ್ತಲಲ್ಲಿ ಬೆಳೆದ ಅರಿಶಿನದ ಕೊಂಬನ್ನು ಕಲ್ಲಿಗೆ ತೇಯ್ದು ತಂದರು. ಕಾಕೂ ಹುಡುಗಿಯಿಂದ ಓದಿಸಿ, ಎಲ್ಲರನ್ನೂ ಕೇಳಿ ಕೇಳಿ, ಅವರು ಹೇಳಿದ ಕಡೆಯಲ್ಲೆಲ್ಲ ಹೆಬ್ಬೆರಳು ಒತ್ತಿದಳು.

ಸುದ್ದಿ ಬಸ್ಸಿನ ಜೊತೆ ಓಡಾಡಿತು. ಅನಮೋಡದ ಚಾದಂಗಡಿಯವನು ಒಂದು ಬೇಕೆಂದ. ರಾತ್ರಿ ಪಾಳಿ ಮುಗಿಸಿ ಹಗಲು ಮನೆಯಲ್ಲಿರುವ ಕ್ಯಾಸಲ್‌ರಾಕ್‌ನ ರೈಲ್ವೆಯವರು ಮಧ್ಯಾಹ್ನದ ಸಿನಿಮಾಕ್ಕೆಂದು ತರಿಸಿಕೊಂಡರು. ಬಸ್ಸಿಳಿದು ಕಾಡೊಳಗೆ ನಡೆಯುವ ಬೇರೆ ಹಳ್ಳಿಗಳಿಂದಲೂ ಕಂಡಕ್ಟರ ಬಾಯಲ್ಲಿ ಹೇಳಿ ಕಳಿಸಿದರು. ಕಡೆಗೆ ಕಂಡಕ್ಟರೇ ತಲೆ ಕೆರೆಯುತ್ತ, "ನಮ್ಮ ಮನ್ಯಾಗೂ ಕೇಳಾಕತ್ತಾರ್ರೀ" ಎಂದರು. ತಿಂಗಳು ಮುಗಿಯುವ ಮೊದಲೇ ಇಪ್ಪತ್ತು ದಾಟಿತು.

ಕಟ್ಟು ಬಂದ ಶುಕ್ರವಾರ ನಾನು ಅಂಗಡಿ ಮುಚ್ಚಿ ಹೋಗಿ ನಿಂತಿದ್ದೆ. ಹುಬ್ಬಳ್ಳಿಯ ಬಸ್ಸಿನಿಂದ ಸುತ್ತಲೂ ಸುತಳಿ ಬಿಗಿದ ಕಟ್ಟು ಇಳಿಯಿತು. ಏಜೆಂಟರು ಬಿಚ್ಚಲು ಹೋದರೆ ಕಾಕೂ ಅವರ ಕೈ ಸರಿಸಿ, ಸುತಳಿಯ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಮೇಲಿನ ಪ್ರತಿಯನ್ನು ಎರಡು ಬೆರಳಲ್ಲಿ ತಿಕ್ಕಿ, "ಹಾಳಿ ಈ ಸಲ ಚಲೋ ಐತಿ" ಎಂದಳು. ನನ್ನ ಕಣ್ಣಿಗೆ ಅದು ಅದೇ ತೆಳ್ಳನೆಯ ಹಾಳೆ.

ಬಸ್‌ಸ್ಟ್ಯಾಂಡಿನಿಂದ ಓಣಿಯವರೆಗೆ ಕಟ್ಟನ್ನು ಸೊಂಟದ ಮೇಲಿಟ್ಟುಕೊಂಡು ನಡೆದಳು. ನಾನು ಹೊರುತ್ತೇನೆಂದರೆ ಕೊಡಲಿಲ್ಲ. ಒಬ್ಬೊಬ್ಬರೇ ಬಾಗಿಲಿಗೆ ಬಂದರು. ಕಾಡಿಗೆಯ ಸೊಸೆ ಮೆಲ್ಲಗೆ, "ಕಾಕೂ, ನಮಗೂ ಒಂದು..." ಎಂದಳು.

"ಯಾಕವಾ, ಮೊಬೈಲ್ ಕೆಟ್ಟೈತೇನು? ಇವನ ಕಡೆ ಕೊಡು, ರಿಪೇರಿ ಮಾಡ್ತಾನ" ಎಂದು ಕಾಕೂ ಇಡೀ ಓಣಿಗೆ ಕೇಳುವಂತೆ ನಕ್ಕಳು. ನಕ್ಕು, ತನ್ನ ಪ್ರತಿಯನ್ನೇ ದಾರ ಕಟ್ಟಿ ಮೊಳೆಗೆ ತೂಗಹಾಕಿದಳು. ಆ ಸಂಜೆ ಅದರಲ್ಲಿ ಕುಂಕುಮ ಬಂತು, ಕಾಡಿಗೆ ಬಂತು. ಭಾನುವಾರ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಆಮೇಲೆ ಕಟ್ಟು ಒಂದು ವಾರವೂ ತಪ್ಪಲಿಲ್ಲ. ಅದನ್ನು ಇಳಿಸಿಕೊಳ್ಳುವ ಜಾಗ ಯಾವುದೆಂದರೆ ನನ್ನ ಅಂಗಡಿ. ಡಿಶ್ಶು, ಮೊಬೈಲು ಎಂಬ ಬೋರ್ಡಿನ ಕೆಳಗೆ ಕಾಕೂ ಸ್ಟೂಲು ಹಾಕಿಕೊಂಡು ಜೋಯಿಡಾಕ್ಕೆ ಹೋಗುವ ಪ್ರತಿಗಳಿಗೆ ಬೊಟ್ಟಿಡುತ್ತಿದ್ದಳು. ಗಿರಾಕಿಗಳು ಇದೇನೆಂದು ಕೇಳಿದರೆ, "ಇವನ ಅಂಗಡಿಯೊಳಗ ಇದೊಂದ ಹೊಸಾ ಮಾಲು" ಎನ್ನುತ್ತಿದ್ದಳು.

ಹೋದ ವರ್ಷ ಮಳೆ ಹಿಡಿಯುವ ಮುಂಚೆ, ಒಂದು ಬುಧವಾರ ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ಕೈ ಮಡಿಸಿ ಇಡುವಾಗ ನೋಡಿದೆ, ಹೆಬ್ಬೆರಳು ಹಳದಿಯಾಗಿಯೇ ಇತ್ತು. ನಾನು ಅತ್ತೆ. ಓಣಿಯ ಹೆಂಗಸರೆಲ್ಲ ಒಂದೇ ನಡುಮನೆಯಲ್ಲಿ ಕೂಡಿ ಅತ್ತರು.

ಶುಕ್ರವಾರ ಕಟ್ಟು ಬಂತು. ಬಿಚ್ಚುವ ಮನಸ್ಸಾಗದೆ ಕೌಂಟರಿನ ಮೇಲಿಟ್ಟು ಕೂತಿದ್ದೆ. ಆಗ ಕಂಡಕ್ಟರು ಬಂದು ಎಲೆಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ಮುಂದಿಟ್ಟರು. ಒಳಗೆ ಹಸಿ ಅರಿಶಿನದ ಕೊಂಬು.

"ಆ ದೊಡ್ಡ ಟೀವಿ ಮನಿ ಮುದುಕಿ ಕೊಟ್ಟು ಕಳಿಸ್ಯಾರ್ರೀ. ಸುದ್ದಿ ಗೊತ್ತಾಗಿ ಬಾಳ ಅತ್ರು. ಆಮ್ಯಾಲ ಕೇಳಿದ್ರು, ಈ ವಾರದ ಬೊಟ್ಟು ಯಾರು ಇಡ್ತಾರಂತ."

ನಾನು ಕೊಂಬನ್ನು ಕೈಗೆತ್ತಿಕೊಂಡೆ. ಗುಂಡಿ ಒತ್ತಿ ಒಬ್ಬರಿಗೆ ತೋರಿಸುವುದಕ್ಕೂ ಬೊಟ್ಟಿಟ್ಟು ಒಬ್ಬರನ್ನು ಕರೆಯುವುದಕ್ಕೂ ಇರುವ ವ್ಯತ್ಯಾಸವನ್ನು ನನಗೆ ಕಲಿಸಿದವಳು ಅವಳು. ಆ ಋಣ ತೀರಿಸುವ ದಾರಿ ಬೇರೆ ಇರಲಿಲ್ಲ. ಕಟ್ಟು ಬಿಚ್ಚಿದೆ. ಕೊಂಬನ್ನು ತೇಯ್ದು, ಬಸ್ಸು ಹೊರಡುವುದರೊಳಗೆ ಎಲ್ಲ ಪ್ರತಿಗಳಲ್ಲೂ ಶನಿವಾರ ಸಂಜೆ ಆರರ ಸಿನಿಮಾದ ಪಕ್ಕ ನನ್ನ ಹೆಬ್ಬೆರಳು ಒತ್ತಿದೆ. ತಾರೀಖನ್ನು ಎರಡೆರಡು ಸಲ ನೋಡಿಕೊಂಡೆ.

ಸೋಮವಾರ ಕಂಡಕ್ಟರು ಬಸ್ಸಿನಿಂದ ಇಳಿಯುವ ಮೊದಲೇ ಕೂಗಿ ಹೇಳಿದರು: "ಎಲ್ಲಾರೂ ಬಂದಿದ್ರಂತರೀ! ಪಿಚ್ಚರೂ ಬಂತಂತ!"