ಗೌಡರ ಹಲಗೆ, ನನ್ನ ಮೀಟರ್

ಹಾಸನದಲ್ಲಿ ಬಾಗಿಲು ಮಾಡುವುದು ನನ್ನ ಕಸುಬು. ಹಸಿ ಮರದ ಬಾಗಿಲುಗಳು ಸೊಟ್ಟಗಾಗಿ, ಬೈಸಿಕೊಂಡು ಸಾಕಾಗಿ, ಮರದ ತೇವ ಅಳೆಯುವ ಮೀಟರ್ ಕೊಂಡೆ. ಯಾವುದು ಒಳ್ಳೆಯದೆಂದು ವಾರವಿಡೀ ಮೊಬೈಲ್ ಉಜ್ಜಿ ಆರಿಸಿದ್ದು.

ಮೊದಲ ಪರೀಕ್ಷೆ ಅರಕಲಗೂಡಿನ ಹತ್ತಿರ, ಶುಂಠಿ ಬೆಳೆಯುವ ಗೌಡರೊಬ್ಬರು ಹೊಸ ಮನೆಗೆಂದು ಇಟ್ಟಿದ್ದ ಹಲಸಿನ ಹಲಗೆಗಳಿಗೆ. "ವರ್ಷಗಟ್ಲೆ ಅಟ್ಟದ ಮ್ಯಾಲೆ ಒಣಗಿರೋ ಮರ ಆಚಾರ್ರೆ, ಬಡುದ್ರೆ ಟಣ್ ಅಂತದೆ" ಅಂದರು. ಮೀಟರಿನ ಮೊಳೆ ಚುಚ್ಚಿದೆ. ಮರ ಹಸಿ ಎಂದು ಕೆಂಪು ದೀಪ ಹತ್ತಿ ಕಿರುಚಿತು. ಯಾವ ಹಲಗೆಗೆ ಚುಚ್ಚಿದರೂ ಅದೇ ಕಿರುಚಾಟ.

"ನಿನ್ ಮಿಷಿನ್ ಸುಳ್ಳೇಳ್ತದೆ ಕಣಯ್ಯ."

"ಮಿಷಿನ್ ಸುಳ್ಳು ಹೇಳಲ್ಲ ಗೌಡ್ರೆ, ಮನುಷ್ಯರು ಹೇಳ್ತಾರೆ" ಎಂದೆ. ಗೌಡರ ಮುಖ ಬಿಗಿಯಿತು. ಕೆಲಸ ಕೈತಪ್ಪಿತು ಅಂದುಕೊಂಡೆ.

ಅಷ್ಟರಲ್ಲಿ ಅವರ ಹೆಂಡತಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದರು. "ಬೆಳಿಗ್ಗೆ ತಾನೇ ಹಲಗೆ ಎಲ್ಲಾನೂ ನೀರಾಕಿ ತೊಳ್ದಿವ್ನಿ. ಬಾಗ್ಲು ಮರ ಅಲ್ವಾ, ಪೂಜೆ ಇಲ್ದೆ ಮಿಷಿನ್ ಮುಟ್ಟಿಸಾಕಾಯ್ತದಾ?" ಎಂದವರೇ, ನಾನು ಬಾಯಿ ತೆರೆಯುವ ಮೊದಲೇ ಮೀಟರಿಗೂ ನೀರು ಚಿಮುಕಿಸಿ ಕುಂಕುಮ ಇಟ್ಟರು. "ಒಸಾದಲ್ವಾ, ಇದ್ಕೂ ಆಗ್ಲಿ."

ಗೌಡರ ಮಾತು ನಂಬಿ ಮಾಡಿಕೊಟ್ಟ ಆ ಬಾಗಿಲು ಇವತ್ತಿಗೂ ನೆಟ್ಟಗಿದೆ. ಸುಳ್ಳು ಹೇಳದ ನನ್ನ ಮೀಟರ್ ಮಾತ್ರ ಅವತ್ತಿನಿಂದ ಒಲೆಯ ಸೌದೆಗೂ ಹಸಿ ಅನ್ನುತ್ತದೆ.